ಇದ್ದಕ್ಕಿದ್ದಂತೆ ಕಾಣೆಯಾಗುವ ಹಾರ್ಡ್ ಡಿಸ್ಕ್

ಮಕ್ಕಳೇ, ಕಂಪ್ಯೂಟರ್‌ಗೆ ಹೊರಗಿನಿಂದ ಸಿಕ್ಕಿಸುವ ಪುಟ್ಟ ಹಾರ್ಡ್ ಡಿಸ್ಕ್ ನಿಮ್ಮ ಮನೆಯಲ್ಲಿದ್ದರೆ ಈ ತಂಟೆ ನಿಮಗೂ ಗೊತ್ತಿರಬಹುದು. ಅಕ್ಕನ ಮದುವೆಯ ವಿಡಿಯೊ ಕಾಪಿ ಆಗುತ್ತಿರುತ್ತದೆ. ಹಸಿರು ಪಟ್ಟಿ ಅರ್ಧ ದಾಟಿರುತ್ತದೆ. ಅಷ್ಟರಲ್ಲಿ ‘ಟುಡುಂಗ್’ ಎಂದು ಸದ್ದಾಗಿ, ಪರದೆಯ ಮೇಲಿದ್ದ ಡ್ರೈವ್ ಮಾಯ! ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಮತ್ತೆ ಪ್ರತ್ಯಕ್ಷ. ಇನ್ನೊಮ್ಮೆ ಕಾಪಿಗೆ ಹಾಕಿದರೆ ಇನ್ನೊಮ್ಮೆ ಮಾಯ. ಆದರೆ ಅದೇ ಡಿಸ್ಕಿನಲ್ಲಿರುವ ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡಿ, ಏನೂ ತಕರಾರಿಲ್ಲ.

“ಡಿಸ್ಕ್ ಹೋಯ್ತು, ಹೊಸದು ತಗೊಳ್ಳಿ” ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಷ್ಟು ಬೇಗ ಒಪ್ಪಿಕೊಳ್ಳಬೇಡಿ. ಎಷ್ಟೋ ಸಲ ಡಿಸ್ಕ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ತಪ್ಪು ಅದಕ್ಕೆ ಬರುವ ಕರೆಂಟಿನದೋ, ಕೇಬಲ್ಲಿನದೋ ಆಗಿರುತ್ತದೆ. ಸಣ್ಣ ಫೋಟೊಗೆ ತೊಂದರೆ ಇಲ್ಲ, ದೊಡ್ಡ ವಿಡಿಯೊಗೆ ಮಾತ್ರ ತೊಂದರೆ ಅಂದೆವಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ನಮಗೆ ಸಿಕ್ಕಿರುವ ಮೊದಲ ಸುಳಿವು ಅದು.

ಆದರೆ ತನಿಖೆಗೆ ಕೈಹಾಕುವ ಮುಂಚೆ ಒಂದು ಕೆಲಸ ಆಗಲೇಬೇಕು. ಡಿಸ್ಕಿನಲ್ಲಿರುವ ಮುಖ್ಯವಾದ ಫೈಲುಗಳನ್ನು, ಡಿಸ್ಕ್ ಕಾಣಿಸುತ್ತಿರುವಾಗಲೇ, ಸ್ವಲ್ಪ ಸ್ವಲ್ಪವಾಗಿ ಬೇರೆ ಕಡೆಗೆ ಕಾಪಿ ಮಾಡಿಸಿಕೊಳ್ಳಿ. ಡಿಸ್ಕ್ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಅಜ್ಜಿಯ ಫೋಟೊ ಸಿಗುವುದಿಲ್ಲ.

ಈಗ ಡಬ್ಬಿಯ ಒಳಗೆ ಏನಿದೆ ನೋಡೋಣ. ಗಾಜಿನದೋ ಅಲ್ಯೂಮಿನಿಯಮ್ಮಿನದೋ ಒಂದು ದುಂಡನೆಯ ತಟ್ಟೆ, ಕೆಲವದರಲ್ಲಿ ಎರಡು ಮೂರು. ತಟ್ಟೆಯ ಮೇಲೆ ತೀರಾ ತೆಳುವಾದ ಕಾಂತೀಯ ಲೇಪನ. ಆ ಲೇಪನದ ಚೂರು ಚೂರು ಜಾಗಗಳಲ್ಲಿ ಕಾಂತದ ದಿಕ್ಕು ಹೀಗೋ ಹಾಗೋ ಇರುತ್ತದೆ. ನಿಮ್ಮ ಫೋಟೊ, ಹಾಡು, ಸಿನಿಮಾ ಎಲ್ಲವೂ ಅಲ್ಲಿ ಹಾಗೆಯೇ ಬರೆದಿಟ್ಟದ್ದು. ತಟ್ಟೆಯ ಅಡ್ಡಳತೆ ಸುಮಾರು 6.5 ಸೆಂಟಿಮೀಟರ್. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಎಂದಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 90 ಸುತ್ತು. ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಮಾಡಿ: ಅದರ ಅಂಚು ಗಂಟೆಗೆ ಸುಮಾರು 66 ಕಿಲೊಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅಂಗೈಯಗಲದ ಡಬ್ಬಿಯೊಳಗೆ!

ಈ ತಟ್ಟೆಯ ಮೇಲೆ ಓದುವ-ಬರೆಯುವ ‘ಹೆಡ್’ ತೇಲುತ್ತಿರುತ್ತದೆ. ಅದು ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ತನ್ನೊಂದಿಗೆ ಎಳೆದುಕೊಂಡು ಬರುವ ಗಾಳಿಯೇ ಅದನ್ನು ಎತ್ತಿ ಹಿಡಿದಿರುತ್ತದೆ. ಎಷ್ಟು ಎತ್ತರ? ಕೆಲವೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್ ಇರುತ್ತದೆ, ಅದರ ಮುಂದೆ ಇದೇನೂ ಅಲ್ಲ.

ಹಾಗಾದರೆ ನಡುವೆ ಕರೆಂಟು ಹೋದರೆ? ತಟ್ಟೆ ನಿಧಾನವಾಗುತ್ತದೆ, ಗಾಳಿಯ ಆಸರೆ ತಪ್ಪುತ್ತದೆ, ಹೆಡ್ ತಟ್ಟೆಗೆ ತಾಗಿ ಉಜ್ಜಬೇಕು. ಹಾಗಾಗದಂತೆ ಎಂಜಿನಿಯರುಗಳು ಮಾಡಿರುವ ಉಪಾಯ ನನಗೆ ತುಂಬ ಇಷ್ಟ. ಕರೆಂಟು ಹೋದರೂ ತಟ್ಟೆ ಕೂಡಲೇ ನಿಲ್ಲುವುದಿಲ್ಲ, ಇದ್ದ ವೇಗದಲ್ಲಿ ಇನ್ನಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದು ವಿದ್ಯುತ್ ತಯಾರಿಸುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೀರಿ. ಇಲ್ಲಿ ಆಗುವುದೂ ಅದೇ. ಇಷ್ಟು ಹೊತ್ತು ಕರೆಂಟು ತಿನ್ನುತ್ತಿದ್ದ ಮೋಟಾರೇ ಆ ಗಳಿಗೆಯಲ್ಲಿ ಜನರೇಟರ್ ಆಗುತ್ತದೆ, ಅದರಿಂದ ಹುಟ್ಟಿದ ಚೂರು ವಿದ್ಯುತ್ತಿನಲ್ಲಿ ಹೆಡ್ ಸರಕ್ಕನೆ ಪಕ್ಕಕ್ಕೆ ಸರಿದು ತನ್ನ ನಿಲುಗಡೆಯಲ್ಲಿ ಕುಳಿತುಕೊಳ್ಳುತ್ತದೆ. ಡಿಸ್ಕ್ ಮಾಯವಾದಾಗ ‘ಟಿಕ್’ ಎಂಬ ಸಣ್ಣ ಸದ್ದು ಕೇಳಿಸಿದರೆ, ಅದು ಹೆಡ್ ಹೀಗೆ ಅವಸರದಲ್ಲಿ ಮನೆ ಸೇರಿದ ಸದ್ದಿರಬಹುದು. ಒಮ್ಮೆ ಎರಡು ಸಲಕ್ಕೆ ತೊಂದರೆಯಿಲ್ಲ. ದಿನವೂ ಹತ್ತಾರು ಸಲ ಆದರೆ ಒಳ್ಳೆಯದಲ್ಲ.

ಇನ್ನು ಕರೆಂಟಿನ ವಿಚಾರ. ಈ ಪುಟ್ಟ ಡಿಸ್ಕಿಗೆ ಬೇರೆ ಅಡಾಪ್ಟರ್ ಇಲ್ಲ; ಮಾಹಿತಿ ಓಡಾಡುವ ಯುಎಸ್‌ಬಿ ಕೇಬಲ್ಲಿನಲ್ಲೇ ಕರೆಂಟೂ ಬರಬೇಕು. ಯುಎಸ್‌ಬಿ ಪೋರ್ಟ್ ಕೊಡುವುದು 5 ವೋಲ್ಟ್. ಎಷ್ಟು ಕರೆಂಟ್ ಕೊಡಬೇಕೆಂಬುದಕ್ಕೂ ನಿಯಮವಿದೆ: ಹಳೆಯ ಯುಎಸ್‌ಬಿ 2.0 ಪೋರ್ಟಾದರೆ 0.5 ಆಂಪಿಯರ್, 3.0 ಆದರೆ 0.9 ಆಂಪಿಯರ್. ನಿಂತಿರುವ ತಟ್ಟೆಯನ್ನು ತಿರುಗಿಸಲು ಶುರುಮಾಡುವಾಗ ಡಿಸ್ಕಿನ ಮೋಟಾರು 1 ಆಂಪಿಯರಿನ ಹತ್ತಿರ ಎಳೆಯುವುದುಂಟು. ವೇಗ ಹಿಡಿದ ಮೇಲೆ ಹಸಿವು ಕಡಿಮೆ. ಆದರೆ ದೊಡ್ಡ ಫೈಲ್ ಕಾಪಿ ಆಗುವಾಗ ಹೆಡ್ ಹಿಡಿದಿರುವ ತೋಳು ಅತ್ತಿತ್ತ ಓಡಾಡುತ್ತದೆ, ಒಳಗಿನ ಚಿಪ್ಪಿಗೂ ಬಿಡುವಿರುವುದಿಲ್ಲ, ಆಗ ಹಸಿವು ಮತ್ತೆ ಏರುತ್ತದೆ.

ಪೋರ್ಟ್ 5 ವೋಲ್ಟ್ ಕೊಟ್ಟರೂ ಅಷ್ಟೂ ಡಿಸ್ಕಿಗೆ ತಲುಪುವುದಿಲ್ಲ. ಮಾಳಿಗೆಯ ಟ್ಯಾಂಕಿನಿಂದ ಬರುವ ಪೈಪು ಸಣ್ಣದಾಗಿದ್ದು ಉದ್ದವೂ ಆಗಿದ್ದರೆ, ನಲ್ಲಿಯನ್ನು ಪೂರ್ತಿ ತಿರುಗಿಸಿದಾಗ ನೀರಿನ ರಭಸ ಸೊರಗುತ್ತದಲ್ಲ, ತಂತಿಯಲ್ಲೂ ಹಾಗೆಯೇ. ಓಮ್ ಎಂಬವರ ಸೂತ್ರದಿಂದ ಎಷ್ಟು ಸೊರಗುತ್ತದೆಂದು ಲೆಕ್ಕ ಹಾಕಬಹುದು. ಅಗ್ಗದ ಕೇಬಲ್ಲಿನೊಳಗೆ ಇರುವಂಥ ತೆಳು ತಾಮ್ರದ ತಂತಿಗೆ ಒಂದು ಮೀಟರಿಗೆ ಸುಮಾರು 0.2 ಓಮ್ ರೋಧ. ಕೇಬಲ್ಲಿನ ಉದ್ದ ಒಂದೂವರೆ ಮೀಟರ್ ಇದ್ದರೆ, ಕರೆಂಟು ಹೋಗಿ ವಾಪಸ್ ಬರಬೇಕಲ್ಲ, ಒಟ್ಟು 3 ಮೀಟರ್ ತಂತಿಯಾಯಿತು. ರೋಧ 0.6 ಓಮ್. ಅದರಲ್ಲಿ 1 ಆಂಪಿಯರ್ ಹರಿದರೆ ದಾರಿಯಲ್ಲೇ 0.6 ವೋಲ್ಟ್ ಸೋರಿಹೋಯಿತು. ಡಿಸ್ಕಿಗೆ ಸಿಕ್ಕಿದ್ದು 4.4 ವೋಲ್ಟ್ ಮಾತ್ರ. ಅದೇ ತಂತಿಯ ಅರ್ಧ ಮೀಟರ್ ಕೇಬಲ್ ಆಗಿದ್ದರೆ? ಸೋರುವುದು ಬರೀ 0.2 ವೋಲ್ಟ್.

ಸಿಪಿಯು ಡಬ್ಬದ ಮುಂಭಾಗದ ಪೋರ್ಟಿಗೆ ಇನ್ನೊಂದು ಕೊರತೆಯಿದೆ. ಅಲ್ಲಿಂದ ಒಳಗಿನ ಮದರ್‌ಬೋರ್ಡಿನವರೆಗೂ ಮತ್ತೊಂದು ತೆಳು ಕೇಬಲ್ ಇರುತ್ತದೆ. ಹಿಂಭಾಗದ ಪೋರ್ಟುಗಳು ನೇರವಾಗಿ ಮದರ್‌ಬೋರ್ಡಿನ ಮೇಲೇ ಇರುತ್ತವೆ. ಬಗ್ಗಿ ಹಿಂದೆ ಸಿಕ್ಕಿಸಲು ಬೇಜಾರು, ಅದಕ್ಕೇ ಎಲ್ಲರೂ ಮುಂದೆ ಸಿಕ್ಕಿಸುವುದು.

ವೋಲ್ಟೇಜ್ ಒಂದು ಮಟ್ಟಕ್ಕಿಂತ ಕುಸಿದರೆ ಡಿಸ್ಕಿನ ಚಿಪ್ಪು ತಪ್ಪುತಪ್ಪಾಗಿ ಬರೆಯುವ ಬದಲು ಕೆಲಸ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತದೆ. ಕಂಪ್ಯೂಟರಿಗೆ ಕಾಣುವುದು ಇಷ್ಟೇ: ಡಿಸ್ಕ್ ಇತ್ತು, ಈಗ ಇಲ್ಲ, ಮತ್ತೆ ಬಂತು. ಫೋಟೊ ತೆರೆಯುವುದು ಅರೆಗಳಿಗೆಯ ಕೆಲಸವಾದ್ದರಿಂದ ಪಾರಾಗುತ್ತದೆ. ವಿಡಿಯೊ ಪಾರಾಗುವುದಿಲ್ಲ.

ಇದೆಲ್ಲ ಊಹೆ. ನಿಜವೇ ಎಂದು ಪರೀಕ್ಷಿಸಬೇಕು. ಅದೇ ಕೇಬಲ್ ಇಟ್ಟುಕೊಂಡು ಹಿಂಭಾಗದ ಪೋರ್ಟಿಗೆ ಸಿಕ್ಕಿಸಿ, ಅದೇ ವಿಡಿಯೊ ಕಾಪಿ ಮಾಡಿ ನೋಡಿ. ಜಗ್ಗಲಿಲ್ಲವೆಂದರೆ ಮತ್ತೆ ಮುಂದಿನ ಪೋರ್ಟಿಗೇ ತಂದು, ಈಗ ಕೇಬಲ್ ಮಾತ್ರ ಬದಲಿಸಿ. ಗಿಡ್ಡದು, ದಪ್ಪನೆಯದು ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಡಿಸ್ಕ್ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಸರಿಹೋಯಿತೆಂದು ಖುಷಿಯಾಗಿ ಅಲ್ಲಿಗೇ ಬಿಡಬೇಡಿ. ಹಳೆಯ ಕೇಬಲ್ಲನ್ನು ಮತ್ತೆ ಹಾಕಿ ನೋಡಿ. ಹಳೆಯ ಕಾಟ ಮತ್ತೆ ಶುರುವಾದರೆ ಕಳ್ಳ ಸಿಕ್ಕಿಬಿದ್ದ. ಶುರುವಾಗದಿದ್ದರೆ ಪಿನ್ ಸಡಿಲವಾಗಿತ್ತೇನೋ, ತೆಗೆದು ಹಾಕಿದ್ದರಿಂದ ಬಿಗಿಯಾಗಿರಬೇಕು ಎಂದು ಹೊಸ ಊಹೆ ಮಾಡಬೇಕಾಗುತ್ತದೆ. ರಿಪೇರಿ ಅಂಗಡಿಯವರೂ ಎಷ್ಟೋ ಸಲ ಈ ಕೊನೆಯ ಪರೀಕ್ಷೆ ಮಾಡುವುದಿಲ್ಲ. ಅವರಿಗೆ ಹೊತ್ತಿಲ್ಲ, ನಿಮಗೆ ಇದೆ.

ಕೇಬಲ್ಲಿನಲ್ಲಿ ಕರೆಂಟಷ್ಟೇ ಅಲ್ಲ, ಮಾಹಿತಿಯೂ ಕೆಡಬಹುದು. ಬಂದ ಮಾಹಿತಿ ಕೆಟ್ಟಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ನಿಮ್ಮ ಭಾಗಾಕಾರದಿಂದಲೇ! ಗೆಳೆಯನಿಗೆ 5283 ಎಂಬ ಸಂಖ್ಯೆ ಕಳಿಸಬೇಕು ಅನ್ನಿ. 7ರಿಂದ ಭಾಗಿಸಿದರೆ ಶೇಷ 5. ಸಂಖ್ಯೆಯ ಜೊತೆಗೆ ಆ 5ನ್ನೂ ಬರೆದು ಕಳಿಸಿ. ದಾರಿಯಲ್ಲಿ ಸಂಖ್ಯೆ 5288 ಆಗಿಹೋಯಿತು. ಗೆಳೆಯ 7ರಿಂದ ಭಾಗಿಸಿ ನೋಡುತ್ತಾನೆ, ಶೇಷ 3 ಬರುತ್ತದೆ. ನೀವು ಹೇಳಿದ್ದು 5. ಎಲ್ಲೋ ಎಡವಟ್ಟಾಗಿದೆ, ಇನ್ನೊಮ್ಮೆ ಕಳಿಸು ಎನ್ನುತ್ತಾನೆ. ಕಂಪ್ಯೂಟರುಗಳು ಸೊನ್ನೆ-ಒಂದುಗಳಲ್ಲಿ ಇದೇ ಬಗೆಯ ಭಾಗಾಕಾರ ಮಾಡುತ್ತವೆ. ಅದಕ್ಕೆ ಸಿಆರ್‌ಸಿ ಎಂದು ಹೆಸರು. ವೆಸ್ಲಿ ಪೀಟರ್ಸನ್ ಎಂಬ ಅಮೆರಿಕದ ಗಣಿತಜ್ಞರು 1961ರಲ್ಲಿ ಅದರ ಬಗ್ಗೆ ಬರೆದರು. ಯುಎಸ್‌ಬಿಯಲ್ಲಿ ಓಡಾಡುವ ಮಾಹಿತಿಯ ಪ್ರತಿ ಕಂತಿಗೂ ಈ ಶೇಷ ಅಂಟಿಕೊಂಡಿರುತ್ತದೆ. ಶೇಷ ತಾಳೆಯಾಗದಿದ್ದರೆ ಮತ್ತೆ ಕೇಳುತ್ತದೆ. ಮತ್ತೆ ಮತ್ತೆ ಕೇಳಿದರೂ ಸರಿಬರದಿದ್ದರೆ ಕಂಪ್ಯೂಟರ್ ಆ ಡಿಸ್ಕಿನ ಜೊತೆಗಿನ ಮಾತನ್ನೇ ಕಡಿದು ಹೊಸದಾಗಿ ಶುರುಮಾಡಲು ನೋಡುತ್ತದೆ. ಆಗಲೂ ನಮಗೆ ಡಿಸ್ಕ್ ಮಾಯವಾದಂತೆಯೇ ಕಾಣುತ್ತದೆ.

ಕೆಲಸದ ನಡುವೆ ಅಲ್ಲ, ಸುಮ್ಮನಿದ್ದಾಗ ಮಾತ್ರ ಡಿಸ್ಕ್ ಕಾಣೆಯಾಗುತ್ತದೆಯೇ? ಹಾಗಾದರೆ ಅನುಮಾನ ಬೇರೆ ಕಡೆ ತಿರುಗಬೇಕು. ವಿಂಡೋಸ್ ವಿದ್ಯುತ್ ಉಳಿಸಲೆಂದು ಬಳಸದಿರುವ ಯುಎಸ್‌ಬಿ ಸಾಧನಗಳನ್ನು ಮಲಗಿಸುತ್ತದೆ. ಕೆಲವು ಡಿಸ್ಕುಗಳು ಎಬ್ಬಿಸಿದರೂ ಸರಿಯಾಗಿ ಏಳುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿರುವ ಟಿಕ್ ಗುರುತನ್ನು ದೊಡ್ಡವರ ಕೈಯಲ್ಲಿ ತೆಗೆಸಿದರೆ ಸಾಕು.

ಪೋರ್ಟ್ ಬದಲಾಯಿತು, ಕೇಬಲ್ ಬದಲಾಯಿತು, ಬೇರೆ ಕಂಪ್ಯೂಟರಿಗೂ ಹಾಕಿ ನೋಡಿಯಾಯಿತು, ಆದರೂ ಅದೇ ಕತೆ ಎಂದರೆ ಡಿಸ್ಕನ್ನೇ ವಿಚಾರಿಸಬೇಕು. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಅಲ್ಲಿ ತಟ್ಟೆಯ ಎಷ್ಟು ಜಾಗಗಳು ಕೆಟ್ಟು, ಅವುಗಳ ಬದಲು ಮೀಸಲು ಜಾಗ ಬಳಸಬೇಕಾಯಿತು ಎಂಬ ಸಂಖ್ಯೆ ಇರುತ್ತದೆ. ವಾರದಿಂದ ವಾರಕ್ಕೆ ಅದು ಏರುತ್ತಿದ್ದರೆ ಡಿಸ್ಕಿಗೇ ಕಾಯಿಲೆ. ಅನೇಕ ಡಿಸ್ಕುಗಳಲ್ಲಿ, ಕರೆಂಟು ಹಠಾತ್ತನೆ ಹೋಗಿ ಹೆಡ್ ಅವಸರದಲ್ಲಿ ಮನೆ ಸೇರಿದ್ದು ಎಷ್ಟು ಸಲ ಎಂಬ ಲೆಕ್ಕವೂ ಸಿಗುತ್ತದೆ. ಡಿಸ್ಕ್ ಮಾಯವಾದಾಗಲೆಲ್ಲ ಈ ಎಣಿಕೆ ಒಂದೊಂದು ಏರಿ, ಕೆಟ್ಟ ಜಾಗದ ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ ಗುಮಾನಿ ಪುನಃ ಕರೆಂಟಿನ ಮೇಲೆ. ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ನಡುವೆ ಹಾಕಿದರೆ ಕಂಪ್ಯೂಟರಿನ ಪೋರ್ಟನ್ನು ನಂಬಿ ಕೂರಬೇಕಿಲ್ಲ.

1956ರಲ್ಲಿ ಐಬಿಎಂ ಕಂಪನಿ ಮಾಡಿದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು, ತೂಕ ಒಂದು ಟನ್ನಿನ ಸುಮಾರು. ಅಷ್ಟಾದರೂ ಇಂದಿನ ಮೊಬೈಲಿನ ಒಂದು ಒಳ್ಳೆಯ ಫೋಟೊ ಹಿಡಿಯುವಷ್ಟೇ ಜಾಗ. ಅದು ಆಗಾಗ ಮಾಯವಾಗುವ ಭಯವಂತೂ ಇರಲಿಲ್ಲ ಬಿಡಿ!

ಇನ್ನೊಂದು ಮಾತು. ಡಿಸ್ಕಿನಿಂದ ‘ಟಕ್, ಟಕ್, ಟಕ್’ ಎಂದು ಒಂದೇ ಸಮನೆ ಸದ್ದು ಬರುತ್ತಿದ್ದರೆ ಮೇಲಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಹೆಡ್ ತನ್ನ ಜಾಗ ಹುಡುಕಲಾರದೆ ತಡಕಾಡುತ್ತಿರಬಹುದು. ಕೂಡಲೇ ಆಫ್ ಮಾಡಿಸಿ, ದೊಡ್ಡವರಿಗೆ ತಿಳಿಸಿ. ಸ್ಕ್ರೂ ಬಿಚ್ಚಿ ಒಳಗೆ ನೋಡುವ ಆಸೆ ನನಗೂ ಗೊತ್ತು. ಆದರೆ ಹೆಡ್ ತೇಲುವ ಆ ಎಡೆಯಲ್ಲಿ ಒಂದು ಧೂಳಿನ ಕಣಕ್ಕೂ ಜಾಗವಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಹೊರತೆಗೆದಾಗ ತೇವ ಕಟ್ಟುತ್ತದೆ. ಪೂರ್ತಿ ಹಾಳಾದ ಹಳೆಯ ಡಿಸ್ಕ್ ಒಂದು ಸಿಕ್ಕಾಗ ಮನೆಯಲ್ಲಿ ಕೇಳಿಕೊಂಡು, ಅವರ ಎದುರಿಗೇ ಬಿಚ್ಚಿ ನೋಡಿ. ಅದಕ್ಕೂ ಮುಂಚೆ, ಮನೆಯ ಫೋಟೊಗಳದು ಇನ್ನೊಂದು ಪ್ರತಿ ಬೇರೆಲ್ಲಾದರೂ ಇದೆಯೇ ಎಂದು ಇವತ್ತೇ ಕೇಳಿ ನೋಡಿ. ಇಲ್ಲ ಅಂದರೆ ಈ ಭಾನುವಾರ ಆ ಕೆಲಸ ಮಾಡಿಸಿ.