ಗಾಡಿಯ ಮುಂಭಾಗದಲ್ಲಿ ಲಟಕ್ ಸದ್ದು



ಎತ್ತಿನ ಗಾಡಿ ಹೊಡೆದವರಿಗೆ ಸದ್ದಿನ ಪಾಠ ಹೇಳಬೇಕಾಗಿಲ್ಲ. ಗಾಲಿ ಕಿರುಗುಟ್ಟಿದರೆ ಕೀಲೆಣ್ಣೆ, ಲಟಕ್ಕೆಂದರೆ ಕಡಾಣಿ. ಈಗ ಹಲವರ ಮನೆಮುಂದೆ ಆ ಜಾಗದಲ್ಲಿ ನಾಲ್ಕು ಚಕ್ರದ ಸಣ್ಣ ಗೂಡ್ಸ್ ಗಾಡಿ ನಿಂತಿದೆ. ಇದೂ ಸದ್ದು ಮಾಡಿಯೇ ತನ್ನ ಕಷ್ಟ ಹೇಳುತ್ತದೆ. ಆದರೆ ಕಬ್ಬಿಣದ ಚೌಕಟ್ಟಿನಲ್ಲಿ ಸದ್ದು ಹರಿದಾಡುವುದರಿಂದ, ಎಡಕ್ಕೆ ಹುಟ್ಟಿದ್ದು ಬಲಕ್ಕೆ ಕೇಳಿಸಿ ನಮ್ಮ ಕಿವಿಯನ್ನೇ ಮೋಸಪಡಿಸುತ್ತದೆ.

ಬಿಡದಿ ಕಡೆಯ ನಮ್ಮ ನೆಂಟರೊಬ್ಬರು ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಟೊಮೇಟೊ ಹೊಡೆಯುತ್ತಾರೆ. ಅವರ ಗಾಡಿಯ ಮುಂದುಗಡೆ ಲಟಕ್ ಲಟಕ್ ಶುರುವಾಯಿತು. ಊರ ಹತ್ತಿರ ತೋರಿಸಿದಾಗ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿಕೊಟ್ಟರು. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಒಂದು ದಿನ ಮಾರುಕಟ್ಟೆಯಿಂದ ಮರಳುವಾಗ, ಮೈಸೂರು ರಸ್ತೆಯಲ್ಲಿ ಸದ್ದು ಜಾಸ್ತಿಯಾಗಿ, ಬಾಪೂಜಿ ನಗರದಲ್ಲಿ ಗಾಡಿ ನಿಲ್ಲಿಸಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದರು.

ಆತ ಸ್ಪ್ಯಾನರ್ ಮುಟ್ಟಲಿಲ್ಲ. "ಯಜಮಾನ್ರೇ, ಸದ್ದು ಯಾವಾಗ ಬರ್ತದೆ? ಗುಂಡಿಗೆ ಇಳಿದಾಗ್ಲೋ, ಬ್ರೇಕ್ ಒತ್ತಿದಾಗ್ಲೋ, ಸ್ಟೇರಿಂಗ್ ತಿರುಗಿಸಿದಾಗ್ಲೋ?" ಅಂದರು. ಬ್ರೇಕ್ ಒತ್ತಿದಾಗ ಒಂದು ಸಾರಿ, ಮತ್ತೆ ಹೊರಡುವಾಗ ಒಂದು ಸಾರಿ ಎಂದರು ನಮ್ಮವರು. ಮೆಕ್ಯಾನಿಕ್ ಕೂಡಲೇ ಬಗ್ಗಿ ಯು ಬೋಲ್ಟು ನೋಡಿದರು. ಯು ಬೋಲ್ಟು ಅಂದರೆ ಬ್ಲೇಡ್ ಸೆಟ್ಟನ್ನು ಅಚ್ಚಿಗೆ ಬಿಗಿದಿರುವ ಕೊಂಡಿ. ಅದರ ಸುತ್ತ ಕೆಂಪಗೆ ತುಕ್ಕಿನ ಹುಡಿ, ಒಂದು ಕಡೆ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳಪು. ಬಿಗಿಯಾಗಿ ಕೂತ ಕಬ್ಬಿಣ ಹಾಗೆ ಹೊಳೆಯುವುದಿಲ್ಲ. ಆಮೇಲೆ ಸ್ಟೇರಿಂಗ್ ನೇರ ಮಾಡಿಸಿ, ಒಂದು ಹಗ್ಗ ತೆಗೆದುಕೊಂಡು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎರಡೂ ಬದಿ ಅಳೆದರು. ಎಡಗಡೆ ಒಂದು ಬೆರಳಷ್ಟು ಕಮ್ಮಿ! ಬ್ಲೇಡುಗಳ ನಡುವಿನ ಸೆಂಟರ್ ಬೋಲ್ಟು ತುಂಡಾಗಿ ಅಚ್ಚೇ ಹಿಂದಕ್ಕೆ ಸರಿದಿತ್ತು. ಆ ಸ್ಥಿತಿಯಲ್ಲಿ ಟೊಮೇಟೊ ಹೇರಿಕೊಂಡು ಎಷ್ಟು ದಿನ ಓಡಿಸಿದ್ದರೋ, ನೆನೆದರೆ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ಸಾಮಾನು ಕೊಳ್ಳುವ ಮೊದಲು ಸದ್ದಿನ ಹೊತ್ತು ಗೊತ್ತುಮಾಡಿ. ಮೊದಲಿಗೆ ಜಾಕಿ, ಬ್ಯಾಟರಿ ಸಡಿಲವಾಗಿ ಕುಣಿಯುತ್ತಿವೆಯೋ ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ. ಗುಂಡಿಯಲ್ಲಿ ಮಾತ್ರ ಸದ್ದು ಬಂದರೆ ಬ್ಲೇಡಿನ ತುದಿಯ ಬುಷ್, ಶಾಕ್ ಅಬ್ಸಾರ್ಬರಿನ ಬುಷ್, ಇಲ್ಲವೇ ಬಿರುಕು ಬಿಟ್ಟ ಬ್ಲೇಡು. ಬಿರುಕಿಗೆ ವೆಲ್ಡಿಂಗ್ ಹಾಕಿಸಬೇಡಿ. ಹದ ಕೊಟ್ಟ ಉಕ್ಕು ಬೆಂಕಿಗೆ ಹದ ಕಳೆದುಕೊಂಡು ಅದರ ಪಕ್ಕದಲ್ಲೇ ಮುರಿಯುತ್ತದೆ.

ನಿಂತಲ್ಲೇ ಸ್ಟೇರಿಂಗ್ ಆಡಿಸಿದಾಗ ಸದ್ದು ಬರುತ್ತದೆಯೇ? ಇದಕ್ಕೆ ಇಬ್ಬರು ಬೇಕು. ಮನೆಯಾಕೆಯೋ ಮಗನೋ ಸಾಕು. ಇಂಜಿನ್ ಆರಿಸಿ, ಒಬ್ಬರು ಸ್ಟೇರಿಂಗನ್ನು ಅತ್ತಿತ್ತ ಸ್ವಲ್ಪವೇ ಆಡಿಸಲಿ. ಇನ್ನೊಬ್ಬರು ಹೊರಗಡೆಯಿಂದ ಒಂದೊಂದೇ ಸಂದು ಗಮನಿಸಲಿ. ಬೆರಳು ಮಾತ್ರ ಸಂದಿನೊಳಗೆ ಇಡಬೇಡಿ. ಟೈ ರಾಡಿನ ತುದಿಯ ಗುಂಡು ಸವೆದಿದ್ದರೆ ಅಲ್ಲೇ ಕುಣಿದು ತೋರಿಸುತ್ತದೆ.

ಮುಂದಕ್ಕೆ ಚಕ್ರದ ಪರೀಕ್ಷೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಚಕ್ರ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಆಸರೆ ಕೊಡಿ. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ತಲೆ ಹಾಕಕೂಡದು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಬ್ರೇಕ್ ಒತ್ತಿಸಿ ಮತ್ತೊಮ್ಮೆ ನೋಡಿ. ಆಟ ನಿಂತರೆ ಬೇರಿಂಗ್ ಸಡಿಲ. ನಿಲ್ಲದಿದ್ದರೆ, ಅಚ್ಚು ಇರುವ ಗಾಡಿಗಳಲ್ಲಿ, ಕಿಂಗ್ ಪಿನ್ ಸವೆದಿದೆ. ಕಿಂಗ್ ಪಿನ್ನಿಗೆ ಗ್ರೀಸು ಹೊಡೆಸುವಾಗಲೂ ಚಕ್ರ ಎತ್ತಿಯೇ ಹೊಡೆಸಿ, ಭಾರ ಬಿದ್ದಾಗ ಗ್ರೀಸು ಒಳಕ್ಕೆ ಸರಿಯಾಗಿ ಇಳಿಯದು.

ಚಕ್ರ ಸುತ್ತಿದ ಹಾಗೆಲ್ಲ ಟಕ್ ಟಕ್ ಬಂದು ವೇಗಕ್ಕೆ ತಕ್ಕಂತೆ ಹೆಚ್ಚಿದರೆ ವೀಲ್ ನಟ್ಟು ನೋಡಿ, ಅದೂ ನಿಂತ ಜಾಗದಲ್ಲೇ. ನಟ್ಟು, ಸ್ಟೇರಿಂಗ್ ಸಂದು, ಅಚ್ಚು, ಈ ಮೂರರಲ್ಲಿ ಸಂಶಯ ಬಂದರೆ ಸಂತೆ ತಪ್ಪಿದರೂ ಸರಿ, ಗಾಡಿ ಓಡಿಸಬೇಡಿ.

ನಮ್ಮ ನೆಂಟರ ಗಾಡಿಗೆ ಹೊಸ ಸೆಂಟರ್ ಬೋಲ್ಟು, ಹೊಸ ಯು ಬೋಲ್ಟುಗಳು ಬಿದ್ದವು. ಒಂದೆರಡು ಲೋಡು ಹೊಡೆದ ಮೇಲೆ ಬಂದು ಮತ್ತೆ ಬಿಗಿ ಮಾಡಿಸಿಕೊಂಡು ಹೋಗಿ ಎಂದಿದ್ದರು ಮೆಕ್ಯಾನಿಕ್. ಹೊಸ ಬೋಲ್ಟು ಭಾರಕ್ಕೆ ಕೂತು ಸ್ವಲ್ಪ ಸಡಿಲಿಸುವುದುಂಟು. ಮುಂದಿನ ವಾರ ಟೊಮೇಟೊ ಇಳಿಸಿ ಬರುವಾಗ ಇವರು ಬಾಪೂಜಿ ನಗರದಲ್ಲಿ ನಿಂತು ಬಿಗಿ ಮಾಡಿಸಿಕೊಂಡೇ ಊರಿಗೆ ಬಂದರು.