ಹಳೆಯ ಜೀಪಿನ ಬ್ರೇಕು: ಕಾಲಿಗೆ ತಿಳಿಯುವ ರೋಗಗಳು



ಎತ್ತು ಮೇವು ಬಿಟ್ಟರೆ ನಿಮ್ಮಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಕಿವಿ ಮುಟ್ಟಿ ನೋಡುತ್ತೀರಿ, ಬಾಯಿ ಬಿಡಿಸಿ ನೋಡುತ್ತೀರಿ, ಸಗಣಿ ನೋಡುತ್ತೀರಿ. ಔಷಧದ ಮಾತು ಆಮೇಲೆ. ಅಂಗಳದಲ್ಲಿ ನಿಂತಿರುವ ಹಳೆಯ ಜೀಪಿನ ವಿಷಯದಲ್ಲಿ ಮಾತ್ರ ಈ ಜಾಣತನವನ್ನು ನಾವು ಮರೆಯುತ್ತೇವೆ. ಬ್ರೇಕು ತುಸು ಕೆಳಗೆ ಹೋಯಿತೆಂದರೆ ಆಯಿಲ್ ಸುರಿಯುತ್ತೇವೆ. ಮತ್ತೆ ಹೋಯಿತೆಂದರೆ ಮತ್ತೆ ಸುರಿಯುತ್ತೇವೆ. ಈ ಅಭ್ಯಾಸವನ್ನು ಬಿಡಿಸುವುದಕ್ಕಾಗಿಯೇ ನಾನು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಜೀಪಿಗೂ ಬ್ಲಾಕಿನ ಕೆಲಸಕ್ಕೂ ನಂಟು ಹಳೆಯದು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ, ಮಣ್ಣುರಸ್ತೆಯ ಹಳ್ಳಿಗೆ ಅಧಿಕಾರಿ ಬಂದರೆಂದರೆ ಜೀಪು ಬಂತೆಂದೇ ಅರ್ಥವಾಗಿತ್ತು. ವಿಲ್ಲಿಸ್ ನಮೂನೆಯ ಮಹೀಂದ್ರ ಜೀಪುಗಳು ಇಂದಿಗೂ ಮಲೆನಾಡಿನ ಮತ್ತು ಕೊಡಗಿನ ತೋಟಗಳಲ್ಲಿ ಗೊಬ್ಬರ ಹೊರುತ್ತವೆ, ಆಳುಗಳನ್ನು ಹೊರುತ್ತವೆ, ಹೆರಿಗೆಯ ಹೆಂಗಸನ್ನು ಆಸ್ಪತ್ರೆಗೂ ಒಯ್ಯುತ್ತವೆ. ಇಂಜಿನು ನಿಂತರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಬ್ರೇಕು ನಿಂತರೆ ಗಾಡಿ ನಿಲ್ಲುವುದಿಲ್ಲ.

ಮೊದಲು ಈ ಬ್ರೇಕು ಕೆಲಸ ಮಾಡುವ ರೀತಿಯನ್ನು ತಿಳಿದುಕೊಳ್ಳೋಣ. ನೀವು ಪೆಡಲ್ ಒತ್ತಿದಾಗ ಒಂದು ಸರಳು ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಅಲ್ಲಿಂದ ಸಣ್ಣ ಪೈಪುಗಳಲ್ಲಿ ಆಯಿಲ್ ತುಂಬಿಕೊಂಡಿದೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಪಾಸ್ಕಲ್ ಎಂಬ ಪಂಡಿತನು 17ನೆಯ ಶತಮಾನದಲ್ಲೇ ತೋರಿಸಿಕೊಟ್ಟನು. ಅದೇ ನ್ಯಾಯದಂತೆ ನಾಲ್ಕು ಚಕ್ರಗಳ ವೀಲ್ ಸಿಲಿಂಡರುಗಳಿಗೂ ಒಂದೇ ಒತ್ತಡ ಮುಟ್ಟುತ್ತದೆ. ಅವು ಬ್ರೇಕ್ ಶೂಗಳನ್ನು ಅಗಲಿಸುತ್ತವೆ, ಶೂಗಳ ಲೈನಿಂಗು ತಿರುಗುತ್ತಿರುವ ಡ್ರಮ್ಮಿನ ಒಳಮೈಯನ್ನು ಉಜ್ಜಿ ಹಿಡಿಯುತ್ತದೆ. ಕಾಲು ತೆಗೆದರೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಇದರಲ್ಲಿ ಒಂದು ಅಪಾಯವುಂಟು. ಹಳೆಯ ಮಾದರಿಯಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಇರುವುದು ಒಂದೇ ದಾರಿ. ಈಚಿನ ಗಾಡಿಗಳಲ್ಲಿ ಎರಡು ಬೇರೆ ದಾರಿಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಹಿಡಿಯುತ್ತದೆ. ಹಳೆಯ ಜೀಪಿನಲ್ಲಿ ಹಿಂದಿನ ಎಡಚಕ್ರದ ಒಂದು ರಬ್ಬರ್ ಕಪ್ಪು ಹರಿದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೇ ಹೋಗುತ್ತದೆ.

ಈಗ ಸೀಟಿನ ಕೆಳಗಿನ ಡಬ್ಬಿಯ ಮಾತು. ಬ್ರೇಕ್ ಆಯಿಲ್ ಡಬ್ಬಿಯನ್ನು ಸದಾ ಗಾಡಿಯಲ್ಲೇ ಇಟ್ಟುಕೊಂಡಿರುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಒಬ್ಬ ಅಡಿಕೆ ಬೆಳೆಗಾರರು ಹೆಮ್ಮೆಯಿಂದಲೇ ತೋರಿಸಿದರು: "ನೋಡಿ ಸ್ವಾಮಿ, ವಾರಕ್ಕೊಂದು ಸಲ ತಪ್ಪದೆ ಹಾಕುತ್ತೇನೆ." ಸ್ವಾಮಿ, ಬ್ರೇಕ್ ಆಯಿಲ್ ಪೆಟ್ರೋಲಿನಂತೆ ಉರಿದುಹೋಗುವ ವಸ್ತುವಲ್ಲ, ಖರ್ಚಾಗುವ ವಸ್ತುವಲ್ಲ. ವಾರವಾರಕ್ಕೂ ಇಳಿಯುತ್ತದೆಂದರೆ ಎಲ್ಲೋ ಸೋರುತ್ತಿದೆ. ಅವರ ಗಾಡಿಯ ಹಿಂಚಕ್ರ ಬಿಚ್ಚಿದಾಗ ಲೈನಿಂಗು ಆಯಿಲಿನಲ್ಲಿ ನೆನೆದು ಕಪ್ಪಾಗಿತ್ತು, ವೀಲ್ ಸಿಲಿಂಡರಿನ ಧೂಳುರಬ್ಬರು ಎತ್ತಿದೊಡನೆ ಆಯಿಲ್ ಹನಿಯಿತು. ಆ ಗಾಡಿಯಲ್ಲಿ ಅವರು ದಿನವೂ ಎಂಟು ಹತ್ತು ಆಳುಗಳನ್ನು ಗುಡ್ಡ ಇಳಿಸುತ್ತಿದ್ದರು.

ಸೋರುವ ಜಾಗವನ್ನು ಹುಡುಕುವುದು ಕಷ್ಟದ ಕೆಲಸವೇನಲ್ಲ. ಟೈರಿನ ಒಳಮೈಯಲ್ಲಿ ಒದ್ದೆಯ ಗೆರೆ ಇದೆಯೇ, ಪೈಪಿನ ಕೂಡುಗಳಲ್ಲಿ ಧೂಳು ಅಂಟಿ ಹೆಪ್ಪುಗಟ್ಟಿದೆಯೇ, ಚಕ್ರಕ್ಕೆ ಹೋಗುವ ರಬ್ಬರ್ ಹೋಸು ಬಿರಿದಿದೆಯೇ ಅಥವಾ ಉಬ್ಬಿದೆಯೇ, ಇವಿಷ್ಟನ್ನು ಹಗಲು ಬೆಳಕಿನಲ್ಲಿ ನೋಡಿರಿ. ಹಿಂಚಕ್ರದ ಒದ್ದೆ ಆಕ್ಸಲ್ಲಿನ ಗೇರ್ ಆಯಿಲೂ ಆಗಿರಬಹುದು. ಸಂಶಯ ಬಂದರೆ ಒಂದು ಲೋಟ ನೀರಿಗೆ ಆ ಹನಿಯನ್ನು ಹಾಕಿ ಕದಡಿರಿ. ಸಾಮಾನ್ಯವಾಗಿ ಸಿಗುವ ಬ್ರೇಕ್ ಆಯಿಲ್ ನೀರಿನೊಡನೆ ಬೆರೆತುಹೋಗುತ್ತದೆ, ಗೇರ್ ಆಯಿಲ್ ಮೇಲೆ ತೇಲುತ್ತದೆ. ತೇಲಿದರೆ ಆಕ್ಸಲ್ಲಿನ ಸೀಲನ್ನು ಬದಲಾಯಿಸತಕ್ಕದ್ದು, ಬೆರೆತರೆ ವೀಲ್ ಸಿಲಿಂಡರನ್ನು ನೋಡತಕ್ಕದ್ದು. ಲೋಟವನ್ನು ಮತ್ತೆ ಅಡಿಗೆಮನೆಗೆ ಕಳಿಸಬೇಡಿರಿ. ಆ ಆಯಿಲ್ ವಿಷ.

ಕಪ್ಪು ಬದಲಾಯಿಸುವಾಗ ಸಿಲಿಂಡರಿನ ಒಳಮೈಯನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿರಿ. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಹೊಸ ಕಪ್ಪು ಹಾಕಿ ಫಲವಿಲ್ಲ. ಕೆಲವೇ ದಿನಗಳಲ್ಲಿ ಅದೂ ಹರಿಯುತ್ತದೆ. ಸಿಲಿಂಡರನ್ನೇ ಬದಲಾಯಿಸಬೇಕು. ಆಯಿಲಿನಲ್ಲಿ ನೆನೆದ ಲೈನಿಂಗನ್ನು ಬಿಸಿಲಿಗೆ ಒಣಗಿಸಿ, ಬೆಂಕಿಗೆ ಹಿಡಿದು, ಮತ್ತೆ ಕೂರಿಸುವ ಮಿಸ್ತ್ರಿಗಳಿದ್ದಾರೆ. ಅದಕ್ಕೆ ಒಪ್ಪಬೇಡಿರಿ. ಲೈನಿಂಗನ್ನು ಒಂದೇ ಚಕ್ರಕ್ಕೆ ಹೊಸದು ಮಾಡಿಸಕೂಡದು, ಎಡಬಲ ಎರಡಕ್ಕೂ ಮಾಡಿಸಬೇಕು. ಇಲ್ಲವಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಇನ್ನು ಕಾಲಿಗೆ ತಿಳಿಯುವ ರೋಗಗಳು. ಗಾಡಿ ನಿಂತಿರುವಾಗಲೇ ಪೆಡಲ್ ಒತ್ತಿ ನೋಡಿರಿ. ಮೊದಲ ಒತ್ತಿಗೆ ಬಹಳ ಕೆಳಗೆ ಹೋಗಿ, ಕೂಡಲೇ ಎರಡನೆಯ ಒತ್ತಿಗೆ ಮೇಲೆಯೇ ಗಟ್ಟಿಯಾಗಿ ನಿಂತಿತೆ? ಹಾಗಿದ್ದರೆ ಲೈನಿಂಗು ಸವೆದು ಶೂಗೂ ಡ್ರಮ್ಮಿಗೂ ಸಂದು ಹೆಚ್ಚಿದೆ. ಹಳೆಯ ಜೀಪಿನಲ್ಲಿ ಈ ಸಂದು ತಾನಾಗಿ ಸರಿಹೋಗುವುದಿಲ್ಲ. ಚಕ್ರವನ್ನು ಎತ್ತಿ, ಡ್ರಮ್ಮಿನ ಹಿಂದಿನ ತಟ್ಟೆಯಲ್ಲಿರುವ ಅಡ್ಜಸ್ಟರನ್ನು ಶೂ ಉಜ್ಜುವವರೆಗೆ ತಿರುಗಿಸಿ, ಚಕ್ರ ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಒಂದೊಂದು ಶೂಗೂ ಹೀಗೆಯೇ. ರಿವೆಟ್ಟಿನ ತಲೆ ಲೈನಿಂಗಿನ ಮೈಗೆ ಸಮನಾಗುವಷ್ಟು ಸವೆದಿದ್ದರೆ ಮಾತ್ರ ಅಡ್ಜಸ್ಟು ಮಾಡಿ ಪ್ರಯೋಜನವಿಲ್ಲ. ರಿವೆಟ್ಟು ಡ್ರಮ್ಮನ್ನೇ ಕೊರೆಯುತ್ತದೆ.

ಪೆಡಲ್ ಮೆತ್ತಗೆ, ಹತ್ತಿಯ ದಿಂಬು ಒತ್ತಿದಂತೆ ಇದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಬಾವಿಯ ಪಂಪು ಸಕ್ಷನ್ ಪೈಪಿನಲ್ಲಿ ಗಾಳಿ ಹಿಡಿದರೆ ನೀರು ಎತ್ತುವುದಿಲ್ಲವೆಂದು ನಿಮಗೆ ಗೊತ್ತಿದೆ. ಇಲ್ಲಿಯೂ ಗಾಳಿಯೇ ಶತ್ರು. ಆಯಿಲನ್ನು ಅದುಮಲಾಗುವುದಿಲ್ಲ, ಗಾಳಿಯನ್ನು ಅದುಮಬಹುದು. ನಿಮ್ಮ ಕಾಲಿನ ಬಲವೆಲ್ಲ ಅದನ್ನು ಅದುಮುವುದರಲ್ಲೇ ಮುಗಿಯುತ್ತದೆ.

ಮೂರನೆಯ ಲಕ್ಷಣವೇ ಮೋಸದ್ದು. ಪೆಡಲ್ ಒತ್ತಿ ಹಾಗೆಯೇ ಹಿಡಿದಿದ್ದರೆ ಅದು ಮೆಲ್ಲನೆ ತಗ್ಗುತ್ತ ಹೋಗುತ್ತದೆ. ಹೊರಗೆ ಎಲ್ಲಿಯೂ ಸೋರಿಲ್ಲ, ಆಯಿಲೂ ಇಳಿದಿಲ್ಲ. ಆಗ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ಪು ಸವೆದು, ಆಯಿಲ್ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ನುಸುಳುತ್ತಿದೆ ಎಂದು ತಿಳಿಯತಕ್ಕದ್ದು. ಜೋರಾಗಿ ಒಮ್ಮೆಲೇ ಒತ್ತಿದರೆ ಈ ಗಾಡಿ ಚೆನ್ನಾಗಿಯೇ ನಿಲ್ಲುತ್ತದೆ. ಆದುದರಿಂದಲೇ ಜನ ನಂಬಿ ಕೆಡುತ್ತಾರೆ. ಸಿಗ್ನಲ್ ಬಳಿ, ಇಳಿಜಾರಿನಲ್ಲಿ, ಕಾಲಿಟ್ಟು ನಿಂತಿರುವಾಗ ಅದು ಜಾರುತ್ತದೆ. ಅರ್ಧ ನಿಮಿಷ ಪೆಡಲ್ ಒತ್ತಿ ಹಿಡಿದು ನೋಡುವ ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ. ಗಾಡಿ ಹೊರಡಿಸುವ ಮುಂಚೆ ಪ್ರತಿದಿನ ಮಾಡಿರಿ.

ಗಾಡಿ ಎಡಕ್ಕೆ ಎಳೆದರೆ ಎಡಚಕ್ರವನ್ನು ಬಯ್ಯಬೇಡಿರಿ. ಅನೇಕ ವೇಳೆ ಎಡಚಕ್ರ ತನ್ನ ಕೆಲಸ ಮಾಡುತ್ತಿರುತ್ತದೆ, ಬಲಚಕ್ರ ಮಾಡುತ್ತಿರುವುದಿಲ್ಲ. ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಅಂಗೈಯನ್ನು ಡ್ರಮ್ಮಿಗೆ ತಾಗಿಸದೆ ಹತ್ತಿರ ಹಿಡಿದು ನೋಡಿರಿ. ಉಳಿದವು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಆ ಚಕ್ರದ ಸಿಲಿಂಡರು ಹಿಡಿದುಕೊಂಡಿದೆ, ಅಥವಾ ಅದಕ್ಕೆ ಹೋಗುವ ಹೋಸು ಒಳಗೇ ಕಟ್ಟಿಕೊಂಡಿದೆ.

ಇದಕ್ಕೆ ವಿರುದ್ಧವಾಗಿ, ಕಾಲು ತೆಗೆದರೂ ಬ್ರೇಕು ಬಿಡದೆ ಡ್ರಮ್ಮು ಕಾಯ್ದುಹೋಗುವುದುಂಟು. ಪೆಡಲಿಗೆ ಮೇಲ್ಗಡೆ ಸುಮಾರು ಅರ್ಧ ಇಂಚು ಬಿಡುವು ಇದೆಯೇ ಎಂದು ಮೊದಲು ನೋಡಿರಿ. ಬಿಡುವಿಲ್ಲದಿದ್ದರೆ ಆಯಿಲ್ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡು ಒತ್ತಡ ಒಳಗೇ ಉಳಿಯುತ್ತದೆ. ಬಿಡುವು ಸರಿಯಿದ್ದರೆ, ಹಿಡಿದ ಚಕ್ರವನ್ನು ಎತ್ತಿ ಗಾಳಿ ತೆಗೆಯುವ ನಿಪ್ಪಲನ್ನು ತುಸು ಸಡಿಲಿಸಿರಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ದೋಷ ಹೋಸಿನಲ್ಲಿ ಇಲ್ಲವೆ ಮಾಸ್ಟರ್ ಸಿಲಿಂಡರಿನಲ್ಲಿದೆ. ಸಡಿಲವಾಗದಿದ್ದರೆ ಡ್ರಮ್ಮಿನ ಒಳಗೇ ಇದೆ: ಸ್ಪ್ರಿಂಗು ಸೋತಿರಬಹುದು, ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು.

ನಾಲ್ಕೂ ಚಕ್ರ ಒಟ್ಟಿಗೆ ಹಿಡಿದುಕೊಂಡರೆ ನಾನು ಕೇಳುವ ಮೊದಲ ಪ್ರಶ್ನೆ, "ಯಾವ ಎಣ್ಣೆ ಹಾಕಿದಿರಿ?" ಎಂಬುದು. ಇಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ, ಇವುಗಳ ಒಂದು ಗುಟುಕು ಒಳಗೆ ಹೋದರೂ ರಬ್ಬರ್ ಕಪ್ಪುಗಳು ಉಬ್ಬಿ ಕೆಡುತ್ತವೆ. ಆಮೇಲೆ ಒಂದು ಕಪ್ಪಲ್ಲ, ಎಲ್ಲ ಕಪ್ಪುಗಳನ್ನೂ ಹೋಸುಗಳನ್ನೂ ಬದಲಾಯಿಸಿ ಪೈಪುಗಳನ್ನು ತೊಳೆಯಬೇಕಾಗುತ್ತದೆ. ಹಿಂದಿನ ಕಾಲದಲ್ಲಿ ಬ್ರೇಕ್ ಆಯಿಲನ್ನು ಹರಳೆಣ್ಣೆ ಮತ್ತು ಮದ್ಯಸಾರದಿಂದ ಮಾಡುತ್ತಿದ್ದುದು ನಿಜ. ಹಾಗೆಂದು ಮನೆಯ ಹರಳೆಣ್ಣೆಯನ್ನು ಸುರಿಯಬೇಡಿರಿ. ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವುದನ್ನೇ ಹಾಕತಕ್ಕದ್ದು. ಬಿಚ್ಚಿದ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವುದೂ ತಪ್ಪು. ಅದೇ ಬ್ರೇಕ್ ಆಯಿಲಿನಲ್ಲಿ ತೊಳೆಯಬೇಕು.

ಈ ಆಯಿಲಿಗೆ ಇನ್ನೊಂದು ಗುಣವುಂಟು. ಅದು ಉಪ್ಪಿನ ಹಾಗೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೊದಲು ಕುದಿಯಕೂಡದೆಂದು ನಿಯಮ. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಭಾರ ಹೊತ್ತ ಗಾಡಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಬ್ರೇಕಿನ ಮೇಲೆಯೇ ಇಳಿದರೆ ಡ್ರಮ್ಮಿನ ಕಾವಿಗೆ ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಕೆಳಗೆ ಮುಟ್ಟಿ ತಣ್ಣಗಾದ ಮೇಲೆ ನೋಡಿದರೆ ಬ್ರೇಕು ಸರಿಯಾಗಿಯೇ ಇರುತ್ತದೆ! ಆಗ ಡ್ರೈವರನ್ನು ಸುಳ್ಳುಗಾರನೆನ್ನುತ್ತಾರೆ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಅದು ಬೇರೆ ಸಂಗತಿ: ಲೈನಿಂಗು ಕಾಯ್ದು ಹಿಡಿತ ಕಳೆದುಕೊಂಡಿದೆ. ಎರಡಕ್ಕೂ ಮುನ್ನೆಚ್ಚರಿಕೆ ಒಂದೇ. ಏರುವಾಗ ಯಾವ ಗೇರು ಬೇಕಾಯಿತೋ ಅದೇ ಗೇರಿನಲ್ಲಿ ಇಳಿಯಿರಿ. ಎರಡು ವರ್ಷಕ್ಕೊಮ್ಮೆಯಾದರೂ ಎಲ್ಲ ಆಯಿಲನ್ನು ತೆಗೆದು ಹೊಸದನ್ನು ತುಂಬಿರಿ. ಹಳ್ಳ ದಾಟಿದ ಮೇಲೆ ನೂರು ಗಜ ಮೆಲ್ಲಗೆ ಹೋಗುತ್ತ ಪೆಡಲನ್ನು ಹಗುರವಾಗಿ ಒತ್ತಿದರೆ ನೆನೆದ ಲೈನಿಂಗು ಒಣಗುತ್ತದೆ.

ನೀವೇ ಚಕ್ರ ಬಿಚ್ಚುವುದಾದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರಕ್ಕಲ್ಲ, ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಇರುತ್ತದೆ. ಒಂದು ಹಿಂಚಕ್ರವನ್ನು ಜಾಕಿಯಿಂದ ಎತ್ತಿದೊಡನೆ ಆ ಹಿಡಿತ ಹೋಗುತ್ತದೆ. ಎತ್ತಿದ ಚಕ್ರ ಒಂದು ಕಡೆಗೆ ತಿರುಗಿದರೆ ನೆಲದ ಮೇಲಿನದು ಇನ್ನೊಂದು ಕಡೆಗೆ ಉರುಳುತ್ತದೆ, ಗಾಡಿ ಜಾಕಿಯಿಂದ ಬೀಳುತ್ತದೆ. ಆದಕಾರಣ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಟ್ಟು, ಎತ್ತಿದ ಮೇಲೆ ಆಕ್ಸಲ್ಲಿನ ಕೆಳಗೆ ಮರದ ದಿಮ್ಮಿ ಇಟ್ಟೇ ಕೈ ಹಾಕಿರಿ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡಿರಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿರಿ.

ಕೊನೆಗೆ ಗಾಳಿ ತೆಗೆಯುವ ಕ್ರಮ. ಮಾಸ್ಟರ್ ಸಿಲಿಂಡರು ಡ್ರೈವರನ ಕಾಲ ಬುಡದ ತಗಡಿನ ಕೆಳಗಿದೆ. ಮುಚ್ಚಳದ ಸುತ್ತಲಿನ ಕೆಸರನ್ನು ಒರೆಸದೆ ತೆರೆದರೆ ಮಣ್ಣೆಲ್ಲ ಒಳಗೆ ಬೀಳುತ್ತದೆ. ಬಾಯಿಯಿಂದ ಅರ್ಧ ಇಂಚು ಕೆಳಗಿನವರೆಗೆ ಆಯಿಲ್ ತುಂಬಿರಿ. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಹಿಂಚಕ್ರದಿಂದ ಆರಂಭಿಸಿ, ನಿಪ್ಪಲಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ತುಸು ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸಿರಿ. ಮಗನನ್ನು ಪೆಡಲಿಗೆ ಕೂರಿಸಿ, "ಒತ್ತೋ" ಎಂದಾಗ ಅವನು ಮೆಲ್ಲಗೆ ಒತ್ತಬೇಕು. ನೀವು ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿಮಾಡಿ, "ಬಿಡೋ" ಎಂದ ಮೇಲೆಯೇ ಅವನು ಕಾಲು ತೆಗೆಯಬೇಕು. ಮುಂಚೆ ತೆಗೆದರೆ ಗಾಳಿ ಮತ್ತೆ ಒಳಗೆ ಹೋಯಿತೆಂದೇ ಲೆಕ್ಕ. ಗುಳ್ಳೆ ನಿಲ್ಲುವವರೆಗೆ ಮಾಡಿ, ನಡುನಡುವೆ ಮೇಲಿನ ಆಯಿಲ್ ಬತ್ತದಂತೆ ನೋಡಿಕೊಂಡು, ಮುಂದಿನ ಚಕ್ರಕ್ಕೆ ಹೋಗಿರಿ. ಸೀಸೆಗೆ ಬಂದ ಆಯಿಲನ್ನು ಮತ್ತೆ ಬಳಸಕೂಡದು.

ಮುಗಿದ ಮೇಲೆ ಅರ್ಧ ನಿಮಿಷ ಪೆಡಲ್ ಒತ್ತಿ ಹಿಡಿಯಿರಿ. ತಗ್ಗದಿದ್ದರೆ ಖಾಲಿ ಗಾಡಿಯನ್ನು ಊರಮುಂದಿನ ಸಮತಟ್ಟಿನಲ್ಲಿ ನಿಧಾನವಾಗಿ ಓಡಿಸಿ, ನಾಲ್ಕಾರು ಸಲ ನಿಲ್ಲಿಸಿ ನೋಡಿರಿ. ಆಳುಗಳನ್ನು ಹತ್ತಿಸಿಕೊಳ್ಳುವುದು ಅದಾದ ಮೇಲೆ.