ಖಾತೆ ನಿಮ್ಮದು, ಫೋನು ಯಾರದು?

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೆಣ್ಣುಮಕ್ಕಳು ಓದಿದರೆ ವರದಕ್ಷಿಣೆಯ ಪಿಡುಗು ತಾನಾಗಿ ತೊಲಗುತ್ತದೆ ಎಂದು ಒಂದು ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ಮೂರು ದಶಕ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವಳು ನಾನು. ಹೆಣ್ಣುಮಕ್ಕಳು ಓದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕರ್ನಾಟಕದಲ್ಲಿ 1991ರ ಜನಗಣತಿಯ ವೇಳೆಗೆ ನೂರಕ್ಕೆ 44 ಮಂದಿ ಹೆಂಗಸರು ಅಕ್ಷರಸ್ಥರಾಗಿದ್ದರು. 2011ರಲ್ಲಿ ಅದು 68ಕ್ಕೆ ಏರಿತು. ಆದರೆ ವರದಕ್ಷಿಣೆ ತೊಲಗಲಿಲ್ಲ. ಹುಡುಗಿ ಬಿ.ಎ. ಓದಿದ್ದರೆ ಎಂ.ಎ. ಓದಿದ ಗಂಡು ಬೇಕು, ಅವನ ಬೆಲೆ ಇನ್ನೂ ಹೆಚ್ಚು. ಹೀಗೆ ಓದೇ ಚೌಕಾಸಿಯ ಸರಕಾಯಿತು. ಎಷ್ಟೋ ಮನೆಗಳಲ್ಲಿ ಡಿಗ್ರಿ ಸರ್ಟಿಫಿಕೇಟು ಪೆಟ್ಟಿಗೆ ಸೇರಿತು, ದುಡಿದ ಸಂಬಳ ಗಂಡನ ಕೈ ಸೇರಿತು.

ಹಾಗಾದರೆ ವಿದ್ಯೆ ವ್ಯರ್ಥವೇ? ಖಂಡಿತ ಅಲ್ಲ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿಯಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಬಡ ಹೆಂಗಸರು ಸಾಕ್ಷರತಾ ತರಗತಿಗೆ ಹೋದರು. ಅಕ್ಷರದ ಜೊತೆಗೆ ತಮ್ಮ ಬದುಕನ್ನೂ ಅಲ್ಲಿ ಓದಿಕೊಂಡರು. ಗಂಡಸರ ಕೂಲಿಯೆಲ್ಲ ಸಾರಾಯಿಗೆ ಏಕೆ ಹೋಗುತ್ತದೆ, ಏಟು ಮಾತ್ರ ನಮ್ಮ ಬೆನ್ನಿಗೆ ಏಕೆ ಬೀಳುತ್ತದೆ ಎಂಬ ಪ್ರಶ್ನೆ ಎದ್ದಿತು. ಎಲ್ಲರೂ ಒಟ್ಟಾಗಿ ಸಾರಾಯಿ ಮಾರಾಟ ನಿಲ್ಲಿಸಿದರು. 1992ರಲ್ಲಿ ಆ ಕಿಚ್ಚು ಊರಿಂದೂರಿಗೆ ಹಬ್ಬಿತು; 1993ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಬೇಕಾಯಿತು. ಒಬ್ಬಳೇ ಓದಿ ಸುಮ್ಮನಿದ್ದರೆ ಆಗದ ಕೆಲಸವನ್ನು ಹತ್ತು ಮಂದಿ ಕೂಡಿ ಓದಿದರೆ ಮಾಡಬಹುದು.

ಇವತ್ತು ನಾವು ಕೂಡಿ ಓದಬೇಕಾದದ್ದು ಕೈಯಲ್ಲಿರುವ ಫೋನನ್ನು. ನಮ್ಮ ಅಜ್ಜಿಯರ ಕಾಲದಲ್ಲಿ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರಿದ್ದರು. ಸಂಘಕ್ಕೆ ಬಂದ ಮೇಲೆ ನಿಮ್ಮಲ್ಲಿ ಅನೇಕರು ಸಹಿ ಮಾಡಲು ಕಲಿತಿರಿ. ಈಗ ಸಹಿಯ ಜಾಗಕ್ಕೆ ಓಟಿಪಿ ಬಂದಿದೆ. ಫೋನಿಗೆ ಬರುವ ಆ ಅಂಕಿಗಳು ಯಾರ ಕೈಗೆ ಸಿಕ್ಕುತ್ತವೋ ಹಣವೂ ಅವರ ಕೈಗೇ ಹೋಗುತ್ತದೆ. ಏನು ಎತ್ತ ತಿಳಿಯದೆ ಇನ್ನೊಬ್ಬರಿಗೆ ಹೇಳಿದ ಓಟಿಪಿ ಈ ಕಾಲದ ಹೆಬ್ಬೆಟ್ಟು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ದೇಶದಲ್ಲಿ ತಾವೇ ಬಳಸುವ ಬ್ಯಾಂಕ್ ಖಾತೆ ಇದ್ದ ಹೆಂಗಸರು ನೂರಕ್ಕೆ ಸುಮಾರು 79. ತಾವೇ ಬಳಸುವ ಮೊಬೈಲ್ ಇದ್ದವರು 54 ಮಾತ್ರ. ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದವರು 33; ಗಂಡಸರಲ್ಲಿ ಅದು 57. ಖಾತೆಯಿದ್ದೂ ಫೋನಿಲ್ಲದವಳ ಹಣದ ಸುದ್ದಿ ಯಾರಿಗೆ ಹೋಗುತ್ತದೆ? ಗಂಡನಿಗೆ, ಮೈದುನನಿಗೆ, ಮಗನಿಗೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಎಂದು ಗೊತ್ತಾಯಿತು. ಆದರೆ ಎಟಿಎಂ ಕಾರ್ಡು, ಅದರ ಗುಟ್ಟಿನ ಸಂಖ್ಯೆ, ಫೋನು ಮೂರೂ ಬೇರೆಯವರ ಜೇಬಿನಲ್ಲಿದ್ದರೆ ಯಜಮಾನಿ ಯಾರು?

ಇದು ಬರಿಯ ಮನೆಯ ವಿಷಯವಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತ, ಬೈಗುಳಗಳನ್ನು ಮಾತ್ರ ದೌರ್ಜನ್ಯವೆನ್ನುವುದಿಲ್ಲ. ಹೆಣ್ಣಿಗೆ ಹಕ್ಕಿನಿಂದ ಬರಬೇಕಾದ ಹಣವನ್ನು, ಅವಳ ಸ್ತ್ರೀಧನವನ್ನು ಕಿತ್ತುಕೊಳ್ಳುವುದೂ ಆರ್ಥಿಕ ದೌರ್ಜನ್ಯ ಎನ್ನುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. ಅಂಗನವಾಡಿಗೆ ಹೋಗಿಬರುವ ನಿಮಗೆ ಆ ಕಚೇರಿ ಹೊಸದಲ್ಲ.

ಇನ್ನೊಂದು ಮಾತು. ವರದಕ್ಷಿಣೆ ಕೇಳುವುದೂ 1961ರ ಕಾಯ್ದೆಯಂತೆ ಅಪರಾಧ. ಹಿಂದೆ ನಾಲ್ಕು ಗೋಡೆಯ ಒಳಗೆ ಕೇಳುತ್ತಿದ್ದರು, ಸಾಕ್ಷಿ ಸಿಗುತ್ತಿರಲಿಲ್ಲ. ಈಗ ವಾಟ್ಸಾಪಿನಲ್ಲೂ ಕೇಳುತ್ತಾರೆ. ಸಿಟ್ಟಿನಿಂದಲೋ ನಾಚಿಕೆಯಿಂದಲೋ ಆ ಸಂದೇಶ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಫೋನಿನ ದಾಖಲೆಗೆ ನಿಯಮದಂತೆ ಪ್ರಮಾಣಪತ್ರ ಕೊಟ್ಟರೆ ಬೆಲೆಯಿದೆ. ಮದುವೆಯಲ್ಲಿ ಕೊಟ್ಟ ಒಡವೆಯ ಫೋಟೊ, ಅಂಗಡಿಯ ರಸೀದಿ, ಉಡುಗೊರೆಗಳ ಸಹಿ ಮಾಡಿದ ಪಟ್ಟಿ, ಇವುಗಳ ಒಂದು ಪ್ರತಿ ತವರಿನಲ್ಲೋ ನಂಬಿಕೆಯ ಗೆಳತಿಯ ಬಳಿಯೋ ಇರಲಿ. ನಿಮ್ಮ ಫೋನನ್ನು ಮನೆಯಲ್ಲಿ ತಪಾಸಣೆ ಮಾಡುವವರಿದ್ದರೆ ಅದರಲ್ಲೊಂದರಲ್ಲೇ ಇಟ್ಟು ಕೂರಬೇಡಿ.

ಫೋನು ಬಂದೊಡನೆ ಕಷ್ಟ ಕಳೆಯಿತು ಎಂದು ನಾನು ಹೇಳುತ್ತಿಲ್ಲ. ಅದೇ ಫೋನಿನಲ್ಲಿ ಸಾಲದ ಆಸೆ ತೋರಿಸಿ ಮಾನ ಹರಾಜು ಹಾಕುವವರಿದ್ದಾರೆ, ಬ್ಯಾಂಕಿನವರೆಂದು ನಂಬಿಸಿ ದೋಚುವವರಿದ್ದಾರೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯವೆನಿಸಿದರೆ 112. ಈ ಮೂರು ಸಂಖ್ಯೆಗಳನ್ನು ಫೋನಿನಲ್ಲಿ ಬರೆದಿಟ್ಟರೆ ಸಾಲದು, ಮಗ್ಗಿಯಂತೆ ಬಾಯಿಪಾಠ ಮಾಡಿ. ಫೋನು ಕಸಿದುಕೊಂಡರೂ ನೆನಪನ್ನು ಕಸಿಯಲಾರರು.

ಇದಕ್ಕೆಲ್ಲ ದೊಡ್ಡ ತರಬೇತಿ ಶಿಬಿರಕ್ಕೆ ಕಾಯಬೇಕಿಲ್ಲ. ವಾರದ ಉಳಿತಾಯ ಕಟ್ಟಿದ ಮೇಲೆ ಹದಿನೈದು ನಿಮಿಷ ಕೂತುಕೊಳ್ಳಿ. ಒಬ್ಬೊಬ್ಬರೂ ಬ್ಯಾಂಕಿನಿಂದ ಬಂದ ಸಂದೇಶವನ್ನು ತಾವೇ ಓದಲಿ. ಕನ್ನಡ ಓದಬಲ್ಲವಳು ಇಂಗ್ಲಿಷ್ ಅಂಕಿ ಓದಲು ನಾಲ್ಕು ವಾರ ಸಾಕು. ಗುಟ್ಟಿನ ಸಂಖ್ಯೆಯನ್ನು ಮಾತ್ರ ಸಂಘದಲ್ಲೂ ಹೇಳಬೇಡಿ. ಖಾತೆಗೆ ಯಾರ ಫೋನ್ ಸಂಖ್ಯೆ ಜೋಡಿಸಿದೆ ಎಂದು ಎಲ್ಲರೂ ವಿಚಾರಿಸಿಕೊಳ್ಳಿ. ಬದಲಿಸಬೇಕಾದವರು ಪಾಸ್‌ಬುಕ್, ಆಧಾರ್ ಹಿಡಿದು ಬ್ಯಾಂಕಿಗೆ ಹೋಗಿ ಅರ್ಜಿ ಕೊಡಬೇಕು. ಮನೆಯಲ್ಲಿ ಜಗಳವಾದೀತು ಎಂದು ಹೆದರುವವಳನ್ನು ಒಬ್ಬಳನ್ನೇ ಕಳಿಸಬೇಡಿ. ಸಾಲಕ್ಕೆ ಜಾಮೀನು ನಿಲ್ಲುವ ನೀವು ಅವಳ ಜೊತೆಗೂ ನಾಲ್ಕು ಮಂದಿ ನಿಲ್ಲಿ. ಮುಂದಿನ ವಾರದ ಸಭೆಯಲ್ಲೇ ಇದನ್ನು ಶುರುಮಾಡಿ.